ಅರ್ಧ ರೆಕ್ಕೆ ಇಟ್ಟುಕೊಂಡು ಏನು ಮಾಡೋದು?

ಪ್ರಶ್ನೆ: ಹಕ್ಕಿಗಳು ಡೈನೋಸಾರ್‌ಗಳಿಂದ ಬಂದವು ಎಂದು ನನ್ನ ಮಗಳ ಪುಸ್ತಕದಲ್ಲಿದೆ. ಅದನ್ನು ಓದಿ ಅವಳು ಮೂರು ಪ್ರಶ್ನೆ ಕೇಳಿದಳು. ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ದೊಡ್ಡ ಪ್ರಾಣಿ ಗುಬ್ಬಿ ಹೇಗಾಯಿತು? ರೆಕ್ಕೆ ಪೂರ್ತಿ ಬೆಳೆಯೋಕೆ ಮುಂಚೆ, ಅರ್ಧ ರೆಕ್ಕೆ ಇಟ್ಟುಕೊಂಡು ಅವು ಏನು ಮಾಡುತ್ತಿದ್ದವು? ಡೈನೋಸಾರ್‌ಗಳೆಲ್ಲ ಸತ್ತುಹೋದವು ಅಂತಾರಲ್ಲ, ಹಾಗಾದರೆ ಹಕ್ಕಿ ಎಲ್ಲಿಂದ ಬಂತು?

ಉತ್ತರ: ನಿಮ್ಮ ಮಗಳಿಗೆ ಮೊದಲು ಒಂದು ವಿಷಯ ಹೇಳಿಬಿಡಿ. ಅವಳ ಎರಡನೇ ಪ್ರಶ್ನೆಯನ್ನು ದೊಡ್ಡ ದೊಡ್ಡವರೇ ಕೇಳಿದ್ದಾರೆ. 1871ರಲ್ಲಿ ಸೇಂಟ್ ಜಾರ್ಜ್ ಮೈವರ್ಟ್ ಎಂಬ ಜೀವವಿಜ್ಞಾನಿ ಡಾರ್ವಿನ್‌ರನ್ನು ಹಿಡಿದು ನಿಲ್ಲಿಸಿದ್ದು ಇದೇ ಮಾತಿನಿಂದ. ಪೂರ್ತಿಯಾದ ಮೇಲೆ ಕೆಲಸಕ್ಕೆ ಬರುವ ಅಂಗ, ಅರೆಬರೆ ಇದ್ದಾಗ ಯಾತಕ್ಕೆ ಬಂತು? ಡಾರ್ವಿನ್ ಮರುವರ್ಷವೇ ತಮ್ಮ ಪುಸ್ತಕದ ಹೊಸ ಆವೃತ್ತಿಯಲ್ಲಿ ಇಂಥ ಆಕ್ಷೇಪಗಳಿಗೆ ಉತ್ತರಿಸೋಕೆ ಅಂತಲೇ ಒಂದು ಅಧ್ಯಾಯ ಸೇರಿಸಿದರು. ಆದರೆ ಹಕ್ಕಿಯ ಮಟ್ಟಿಗೆ, ಕೈಯಲ್ಲಿ ಹಿಡಿದು ತೋರಿಸುವಂಥ ಉತ್ತರ ಸಿಗೋಕೆ ಇನ್ನೂ ನೂರಿಪ್ಪತ್ತೈದು ವರ್ಷ ಕಾಯಬೇಕಾಯಿತು.

ಮೊದಲ ಪ್ರಶ್ನೆಯಿಂದಲೇ ಶುರು ಮಾಡೋಣ. ಡೈನೋಸಾರ್ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಟಿ. ರೆಕ್ಸ್. ಅದು ಹಕ್ಕಿಗಳ ಅಜ್ಜ ಆಗೋಕೆ ಸಾಧ್ಯವೇ ಇಲ್ಲ. ಟಿ. ರೆಕ್ಸ್ ಬದುಕಿದ್ದು ಸುಮಾರು 6.8 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ. ನಮಗೆ ಸಿಕ್ಕಿರುವ ಅತಿ ಹಳೆಯ ಹಕ್ಕಿಗಳಲ್ಲಿ ಒಂದಾದ ಆರ್ಕಿಯಾಪ್ಟೆರಿಕ್ಸ್ ಬದುಕಿದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ. ಅಂದರೆ ಟಿ. ರೆಕ್ಸ್ ಹುಟ್ಟುವ ಹೊತ್ತಿಗೆ ಹಕ್ಕಿಗಳು ಎಂಟು ಕೋಟಿ ವರ್ಷಗಳಿಂದ ಇದ್ದವು. ಟಿ. ರೆಕ್ಸ್ ಹಕ್ಕಿಗೆ ದೂರದ ದೊಡ್ಡಪ್ಪನ ಮಗ ಆಗಬೇಕು, ಅಷ್ಟೇ.

ಇವೆರಡೂ ಸೇರುವ ಕುಟುಂಬದ ಹೆಸರು ಥೆರೊಪಾಡ್. ಎರಡು ಕಾಲಲ್ಲಿ ಓಡುವ, ಟೊಳ್ಳು ಎಲುಬಿನ, ಹೆಚ್ಚಾಗಿ ಮಾಂಸ ತಿನ್ನುವ ಡೈನೋಸಾರ್‌ಗಳು. ಇದರಲ್ಲಿ ಆನೆಗಿಂತ ಭಾರವಾದವೂ ಇದ್ದವು, ಕೋಳಿಯಷ್ಟು ಇದ್ದವೂ ಇದ್ದವು. ಹಕ್ಕಿಗಳ ಕಡೆಗೆ ಹೋಗುವ ಕವಲನ್ನು ಮಾತ್ರ ನೋಡಿದರೆ, ಆ ದಾರಿಯುದ್ದಕ್ಕೂ ಮೈ ಚಿಕ್ಕದಾಗುತ್ತಲೇ ಬಂದಿದೆ. 2014ರ ಒಂದು ಅಧ್ಯಯನ ಇದನ್ನು ಲೆಕ್ಕ ಹಾಕಿತು. ಸುಮಾರು 5 ಕೋಟಿ ವರ್ಷಗಳಲ್ಲಿ 160 ಕಿಲೋ ಆಸುಪಾಸಿನಿಂದ ಒಂದು ಕಿಲೋಗೂ ಕಡಿಮೆಗೆ ಇಳಿದಿದೆ. ಬೇರೆ ಡೈನೋಸಾರ್ ಕವಲುಗಳು ದಪ್ಪಗಾದವು, ತೆಳ್ಳಗಾದವು, ಮತ್ತೆ ದಪ್ಪಗಾದವು. ಇದೊಂದು ಮಾತ್ರ ಇಳಿಯುತ್ತಲೇ ಹೋಯಿತು. ಹಾಗಾಗಿ ಹಾರುವ ಮಾತು ಬರುವ ಹೊತ್ತಿಗೆ ದೊಡ್ಡ ಪ್ರಾಣಿ ಅಲ್ಲಿರಲೇ ಇಲ್ಲ. ಕಾಗೆ ಗಾತ್ರದ್ದೊಂದು ಇತ್ತು.

ಅದು ಎಷ್ಟರ ಮಟ್ಟಿಗೆ ಡೈನೋಸಾರ್ ಥರ ಇತ್ತು ಅನ್ನೋದಕ್ಕೆ ಒಂದು ಕತೆ ಹೇಳಲೇಬೇಕು.

ಜರ್ಮನಿಯ ಬವೇರಿಯಾದಲ್ಲಿ ಸೋಲ್ನ್‌ಹೋಫನ್ ಎಂಬ ಜಾಗ ಇದೆ. ಅಲ್ಲಿನ ಸುಣ್ಣಕಲ್ಲು ಎಷ್ಟು ನಯ ಅಂದರೆ, ಅದನ್ನು ಚಪ್ಪಡಿಯಾಗಿ ಸೀಳಿ ಕಲ್ಲಚ್ಚಿನ ಮುದ್ರಣಕ್ಕೆ ಬಳಸುತ್ತಿದ್ದರು. ಆ ನಯವಾದ ಕಲ್ಲಿನಲ್ಲೇ 1861ರಲ್ಲಿ ಮೊದಲು ಒಂದು ಒಂಟಿ ಗರಿ, ಆಮೇಲೆ ಗರಿಗಳ ಸಮೇತ ಒಂದು ಅಸ್ಥಿಪಂಜರ ಸಿಕ್ಕಿತು. ಅದೇ ಆರ್ಕಿಯಾಪ್ಟೆರಿಕ್ಸ್. ಗರಿ, ರೆಕ್ಕೆ ಹಕ್ಕಿಯದ್ದು. ಬಾಯಲ್ಲಿ ಹಲ್ಲು, ರೆಕ್ಕೆಯಲ್ಲಿ ಉಗುರಿರುವ ಮೂರು ಬೆರಳು, ಹಿಂದೆ ಹಲ್ಲಿಯ ಹಾಗೆ ಉದ್ದನೆಯ ಎಲುಬಿನ ಬಾಲ. ಡಾರ್ವಿನ್ ಪುಸ್ತಕ ಬಂದು ಎರಡೇ ವರ್ಷ ಆಗಿತ್ತು. ಹೇಳಿ ಮಾಡಿಸಿದ ಹಾಗೆ ಸಿಕ್ಕಿತು.

ನಾನು ಹೇಳಬೇಕೆಂದಿದ್ದ ಕತೆ ಇದಲ್ಲ. 1951ರಲ್ಲಿ ಅದೇ ಪ್ರದೇಶದಲ್ಲಿ ಇನ್ನೊಂದು ಪಳೆಯುಳಿಕೆ ಸಿಕ್ಕಿತು. ಅದನ್ನು ನೋಡಿದವರು ಕಾಂಪ್ಸೊಗ್ನೇಥಸ್ ಎಂಬ ಪುಟ್ಟ ಡೈನೋಸಾರ್ ಎಂದುಕೊಂಡು ಎತ್ತಿಟ್ಟರು. ಸುಮಾರು ಇಪ್ಪತ್ತು ವರ್ಷ ಅದು ಹಾಗೇ ಇತ್ತು. ಆಮೇಲೆ ಯಾರೋ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದಾಗ ಕಲ್ಲಿನ ಮೇಲೆ ತೀರಾ ಮಸುಕಾದ ಗರಿಗಳ ಗುರುತು ಕಂಡಿತು. ಅದು ಆರ್ಕಿಯಾಪ್ಟೆರಿಕ್ಸ್! ಎಲುಬು ಪೂರ್ತಿ ಕಣ್ಣ ಮುಂದೆ ಇತ್ತು. ನೋಡಿದವರು ಪರಿಣತರೇ. ಗರಿ ಕಾಣದೇ ಹೋದದ್ದಕ್ಕೆ ಹಕ್ಕಿಯನ್ನು ಡೈನೋಸಾರ್ ಎಂದುಕೊಂಡರು. ಹಕ್ಕಿಗೂ ಡೈನೋಸಾರ್‌ಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ತಪ್ಪಿನ ಕತೆ. ಎಷ್ಟೋ ಸಾಕ್ಷ್ಯಗಳಿಗಿಂತ ಈ ತಪ್ಪೇ ಜೋರಾಗಿ ಮಾತಾಡುತ್ತದೆ.

ಈ ನಂಟನ್ನು ಮೊದಲು ಗಟ್ಟಿಯಾಗಿ ಹೇಳಿದವರು ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ, 1860ರ ದಶಕದ ಕೊನೆಯಲ್ಲಿ. ಕಾಲು, ಸೊಂಟದ ಎಲುಬುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಹಾಗಾದರೆ ಅದು ನಮ್ಮ ಪಠ್ಯಪುಸ್ತಕಗಳಿಗೆ ಬರೋಕೆ ಇಷ್ಟು ತಡ ಯಾಕಾಯಿತು? ಒಂದು ಎಲುಬು ಅಡ್ಡ ಬಂತು. ಹಕ್ಕಿಯ ಎದೆಯ ಮೇಲ್ಭಾಗದಲ್ಲಿ ಕವೆಕೋಲಿನ ಆಕಾರದ ಒಂದು ಎಲುಬು ಇರುತ್ತದೆ. ನಮ್ಮ ಎರಡು ಕೊರಳೆಲುಬುಗಳು ಮಧ್ಯದಲ್ಲಿ ಬೆಸೆದುಕೊಂಡರೆ ಹೇಗಿರುತ್ತದೋ ಹಾಗೆ. ರೆಕ್ಕೆ ಬಡಿಯುವಾಗ ಅದು ಸ್ಪ್ರಿಂಗಿನಂತೆ ಅಗಲವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮನ್ 1926ರಲ್ಲಿ ಇಂಗ್ಲಿಷಿನಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಒಂದು ವಾದ ಇಟ್ಟರು. ಹಕ್ಕಿಗಳು ಥೆರೊಪಾಡ್‌ಗಳನ್ನು ಎಲ್ಲದರಲ್ಲೂ ಹೋಲುತ್ತವೆ, ನಿಜ. ಆದರೆ ಡೈನೋಸಾರ್‌ಗಳಿಗೆ ಕೊರಳೆಲುಬೇ ಇಲ್ಲ. ಒಮ್ಮೆ ಕಳೆದುಹೋದ ಎಲುಬು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಹಕ್ಕಿಗಳು ಇನ್ನೂ ಹಳೆಯ ಬೇರೆ ಯಾವುದೋ ಸರೀಸೃಪದಿಂದ ಬಂದಿರಬೇಕು.

ಹೈಲ್ಮನ್ ವೃತ್ತಿಯಿಂದ ಚಿತ್ರಕಲಾವಿದ. ಪುಸ್ತಕ ಎಷ್ಟು ಚೆನ್ನಾಗಿತ್ತು ಅಂದರೆ ಮುಂದಿನ ಸುಮಾರು ನಲವತ್ತು ವರ್ಷ ಹೆಚ್ಚಿನವರು ಅದಕ್ಕೆ ಎದುರಾಡಲಿಲ್ಲ. ತಮಾಷೆ ಏನು ಗೊತ್ತಾ? ಆ ಪುಸ್ತಕಕ್ಕೆ ಎರಡು ವರ್ಷ ಮುಂಚೆಯೇ, 1924ರಲ್ಲಿ, ಮಂಗೋಲಿಯಾದ ಓವಿರಾಪ್ಟರ್ ಎಂಬ ಡೈನೋಸಾರ್‌ನ ಚಿತ್ರ ಅಚ್ಚಾಗಿತ್ತು. ಅದರಲ್ಲಿ ಈ ಕವೆಯೆಲುಬು ಚೆನ್ನಾಗಿಯೇ ಕಾಣುತ್ತಿತ್ತು. ಅದಕ್ಕೆ ತಪ್ಪು ಹೆಸರು ಬರೆದಿದ್ದರು. ಇವತ್ತು ಎಷ್ಟೋ ಥೆರೊಪಾಡ್‌ಗಳಲ್ಲಿ ಅದು ಸಿಕ್ಕಿದೆ. ಟಿ. ರೆಕ್ಸ್‌ಗೂ ಇದೆ. ಗಿಡ್ಡ ಕೈಯ, ಏಳೆಂಟು ಟನ್ ತೂಕದ ಆ ಪ್ರಾಣಿಗೆ ಹಾರುವ ಕನಸೂ ಬಿದ್ದಿರಲಿಕ್ಕಿಲ್ಲ. ಆದರೂ ಹಕ್ಕಿಯ ಕವೆಯೆಲುಬು ಅದರ ಎದೆಯಲ್ಲಿದೆ.

ನಾನು ಹೇಳಬೇಕಾದ ವಿಷಯ ಇಲ್ಲೇ ಇದೆ. ಹಕ್ಕಿಗೆ ಮಾತ್ರ ಸೇರಿದ್ದು ಎಂದು ನಾವು ಅಂದುಕೊಂಡದ್ದರಲ್ಲಿ ಬಹುಪಾಲು ಹಾರಾಟಕ್ಕಿಂತ ಮುಂಚೆಯೇ ಇತ್ತು. ಬೇರೆ ಯಾವುದೋ ಕೆಲಸ ಮಾಡಿಕೊಂಡು ಇತ್ತು.

ಮಣಿಕಟ್ಟನ್ನೇ ತೆಗೆದುಕೊಳ್ಳಿ. ನಿಮ್ಮ ಅಂಗೈ ಒಳಮುಖವಾಗಿರುವಂತೆ ಕೈ ಮುಂದೆ ಚಾಚಿ. ಈಗ ಮೊಣಕೈ ಅಲ್ಲಾಡಿಸದೆ, ಹಸ್ತವನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿ. ಸ್ವಲ್ಪ ಬಗ್ಗಿ ನಿಂತುಬಿಡುತ್ತದೆ, ಅಲ್ವಾ? ಪಾರಿವಾಳ ಇದೇ ಕಡೆಗೆ ಹಸ್ತವನ್ನು ಮುಂಗೈಗೆ ಹತ್ತಿಕೊಳ್ಳುವ ತನಕ ಮಡಚುತ್ತದೆ. ಕುಳಿತ ಹಕ್ಕಿಯ ರೆಕ್ಕೆ ಮೈಗೆ ಅಂಟಿಕೊಂಡು ನೀಟಾಗಿ ಕಾಣುವುದು ಅದರಿಂದಲೇ. ಮಣಿಕಟ್ಟಿನಲ್ಲಿ ಅರ್ಧಚಂದ್ರದ ಆಕಾರದ ಒಂದು ಪುಟ್ಟ ಎಲುಬಿದೆ. ಅದರ ಮೇಲೆ ಹಸ್ತ ಗಾಲಿಯ ಹಾಗೆ ತಿರುಗುತ್ತದೆ. 1964ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಪಳೆಯುಳಿಕೆ ತಜ್ಞ ಜಾನ್ ಆಸ್ಟ್ರಂ ಅವರ ತಂಡಕ್ಕೆ ಒಂದು ಡೈನೋಸಾರ್ ಸಿಕ್ಕಿತು. ಮನುಷ್ಯನಷ್ಟು ಭಾರ, ಓಟಕ್ಕೆ ಹೇಳಿ ಮಾಡಿಸಿದ ಕಾಲು, ಪ್ರತಿ ಪಾದದಲ್ಲೂ ಕುಡುಗೋಲಿನಂಥ ಒಂದು ಉಗುರು. 1969ರಲ್ಲಿ ಅದಕ್ಕೆ ಡೈನೋನಿಕಸ್ ಎಂದು ಹೆಸರಿಟ್ಟರು. ಅದರ ಮಣಿಕಟ್ಟಿನಲ್ಲೂ ಅದೇ ಅರ್ಧಚಂದ್ರ! ಹಾರಾಟಕ್ಕೆ ಅಲ್ಲ. ಕೈಯನ್ನು ಮಡಚಿಟ್ಟುಕೊಂಡು ಓಡಿ, ಬೇಟೆ ಸಿಕ್ಕಾಗ ಸರ್ರನೆ ಮುಂದಕ್ಕೆ ಬೀಸಿ ಹಿಡಿಯೋಕೆ. ಹಕ್ಕಿ ರೆಕ್ಕೆ ಬಡಿಯುವಾಗ ಕೈ ತಿರುಗುವ ರೀತಿಯೂ ಹೆಚ್ಚುಕಡಿಮೆ ಇದೇ.

ಆಸ್ಟ್ರಂ ಎಪ್ಪತ್ತರ ದಶಕದಲ್ಲಿ ಆರ್ಕಿಯಾಪ್ಟೆರಿಕ್ಸ್ ಮಾದರಿಗಳನ್ನು ಒಂದೊಂದಾಗಿ ನೋಡುತ್ತ ಹೋಗಿ ಹಕ್ಸ್ಲಿಯ ಮಾತನ್ನು ಮತ್ತೆ ಎತ್ತಿ ನಿಲ್ಲಿಸಿದರು. ಎಲ್ಲರೂ ಒಪ್ಪಲಿಲ್ಲ. ಒಪ್ಪದವರು ಕೇಳಿದ್ದೂ ನ್ಯಾಯವೇ. ಡೈನೋನಿಕಸ್ ಇದ್ದದ್ದು ಸುಮಾರು 11 ಕೋಟಿ ವರ್ಷಗಳ ಹಿಂದೆ, ಆರ್ಕಿಯಾಪ್ಟೆರಿಕ್ಸ್ 15 ಕೋಟಿ. ಮೊಮ್ಮಗನಿಗಿಂತ ಅಜ್ಜ ಚಿಕ್ಕವನಾಗೋಕೆ ಆಗುತ್ತಾ? ಆಗಲ್ಲ. ಆದರೆ ಅದು ಅಜ್ಜ ಎಂದು ಯಾರೂ ಹೇಳಿರಲಿಲ್ಲ. ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬರ ಮೂಳೆ ಮೊದಲು ಸಿಕ್ಕಿತು ಅಂತ ಅವರೇ ಹಿರಿಯರು ಆಗೋದಿಲ್ಲ. 2009ರಲ್ಲಿ ಚೀನಾದಿಂದ ಆಂಕಿಯಾರ್ನಿಸ್ ಎಂಬ ಪುಟ್ಟ ಡೈನೋಸಾರ್ ಹೊರಬಂತು. ಮೈತುಂಬ ಗರಿ, ಸುಮಾರು 16 ಕೋಟಿ ವರ್ಷ ಹಳೆಯದು. ಆ ಆಕ್ಷೇಪ ಅಲ್ಲಿಗೆ ಮುಗಿಯಿತು.

ಬೆರಳಿನ ಜಗಳ ಇನ್ನೂ ಸ್ವಲ್ಪ ಗಟ್ಟಿ. ಥೆರೊಪಾಡ್‌ಗಳ ಕೈಯಲ್ಲಿ ಉಳಿದದ್ದು ಹೆಬ್ಬೆರಳಿನಿಂದ ಎಣಿಸಿದರೆ ಒಂದು, ಎರಡು, ಮೂರನೇ ಬೆರಳು. ಕೋಳಿಯ ಭ್ರೂಣದಲ್ಲಿ ನೋಡಿದರೆ ಎರಡು, ಮೂರು, ನಾಲ್ಕನೇ ಜಾಗದಲ್ಲಿ ಬೆರಳು ಮೂಡುತ್ತದೆ. ಇದನ್ನೇ ಹಿಡಿದು ಎಷ್ಟೋ ವರ್ಷ ವಾದ ನಡೆಯಿತು. 2011ರಲ್ಲಿ ಜಪಾನಿನ ಸಂಶೋಧಕರು ಭ್ರೂಣದ ಜೀವಕೋಶಗಳನ್ನು ಹಿಂಬಾಲಿಸಿ ನೋಡಿದರು. ಬೆರಳಿನ ಜಾಗ ಯಾವುದೇ ಇರಲಿ, ಬೆರಳಿಗೆ ಸಿಗುವ ಸೂಚನೆ ಒಂದು, ಎರಡು, ಮೂರನೆಯದ್ದೇ ಎಂದು ತೋರಿಸಿದರು. ನನಗೆ ಇದು ಸಾಕು ಅನಿಸುತ್ತದೆ.

ಈಗ ಗರಿಗೆ ಬರೋಣ. 1996ರಲ್ಲಿ ಚೀನಾದ ಲಿಯಾವೋನಿಂಗ್ ಪ್ರಾಂತದಲ್ಲಿ ಒಬ್ಬ ರೈತನಿಗೆ ಕಲ್ಲಿನ ಚಪ್ಪಡಿಯಲ್ಲಿ ಒಂದು ಮೀಟರ್ ಉದ್ದದ ಪುಟ್ಟ ಡೈನೋಸಾರ್ ಸಿಕ್ಕಿತು. ಚಪ್ಪಡಿ ಎರಡು ಹೋಳಾಗಿ ಸೀಳಿತ್ತು, ಪುಸ್ತಕ ತೆರೆದಂತೆ. ಆತ ಒಂದು ಹೋಳನ್ನು ಒಂದು ಸಂಸ್ಥೆಗೆ, ಇನ್ನೊಂದನ್ನು ಇನ್ನೊಂದಕ್ಕೆ ಮಾರಿದ. ಅದರ ತಲೆಯಿಂದ ಬೆನ್ನಿಗುಂಟ ಬಾಲದ ತುದಿಯವರೆಗೆ ಕಪ್ಪನೆಯ ಕೂದಲಿನಂಥ ಅಂಚು. ಅದು ಸೈನೋಸಾರಾಪ್ಟೆರಿಕ್ಸ್, ಸುಮಾರು 12.5 ಕೋಟಿ ವರ್ಷ ಹಳೆಯದು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಪಳೆಯುಳಿಕೆ ತಜ್ಞರ ಸಭೆ ನಡೆಯುತ್ತಿದ್ದಾಗ ಇದರ ಫೋಟೊ ಕೈಯಿಂದ ಕೈಗೆ ಹೋಯಿತು. 68 ವರ್ಷದ ಆಸ್ಟ್ರಂ ಕೈಗೂ ಬಂತು. ಗರಿ ಹೊದ್ದ ಡೈನೋಸಾರ್ ಇದ್ದಿರಬೇಕು ಎಂದು ಎಲುಬು ನೋಡಿಯೇ ಹೇಳಿದವರು, ಕೊನೆಗೂ ಗರಿಯನ್ನೇ ನೋಡಿದರು.

ಆಮೇಲೆ ಲಿಯಾವೋನಿಂಗ್ ಸುಮ್ಮನಾಗಲೇ ಇಲ್ಲ. ಬಾಲದ ತುದಿಯಲ್ಲಿ ಬೀಸಣಿಗೆ ಇದ್ದ ಕಾಡಿಪ್ಟೆರಿಕ್ಸ್. ಒಂಬತ್ತು ಮೀಟರ್ ಉದ್ದದ, ಮೈಯೆಲ್ಲ ನೂಲು ನೂಲಾದ ಗರಿಯಿದ್ದ ಯುಟಿರಾನಸ್, ಅದು ಟಿ. ರೆಕ್ಸ್‌ನ ಸಂಬಂಧಿ. 2007ರಲ್ಲಿ ಮಂಗೋಲಿಯಾದ ವೆಲಾಸಿರಾಪ್ಟರ್‌ನ ಮುಂಗೈ ಎಲುಬಿನ ಮೇಲೆ ಸಾಲಾಗಿ ಪುಟ್ಟ ಪುಟ್ಟ ಗಂಟುಗಳು ಕಂಡವು. ಪಾರಿವಾಳದ ರೆಕ್ಕೆಯ ಎಲುಬಿನಲ್ಲೂ ಅವು ಇರುತ್ತವೆ. ದೊಡ್ಡ ಗರಿಗಳ ಬುಡ ಕಟ್ಟಿಕೊಳ್ಳುವ ಜಾಗ ಅದು. ಸಿನಿಮಾದಲ್ಲಿ ಮೊಸಳೆ ಚರ್ಮ ಹೊದಿಸಿ ತೋರಿಸುವ ವೆಲಾಸಿರಾಪ್ಟರ್ ನಿಜಕ್ಕೂ ಗರಿ ತುಂಬಿದ, ಹಾರದ ಪ್ರಾಣಿ.

ಒಂದು ಮೋಸವೂ ನಡೆಯಿತು, ಅದನ್ನೂ ಹೇಳಬೇಕು. 1999ರಲ್ಲಿ 'ಆರ್ಕಿಯೊರಾಪ್ಟರ್' ಎಂಬ ಪಳೆಯುಳಿಕೆಯನ್ನು ಒಂದು ಹೆಸರಾಂತ ಪತ್ರಿಕೆ ಭಾರೀ ಸುದ್ದಿ ಮಾಡಿತು. ಅದು ಅಂಟಿಸಿದ ಮಾಲು. ಮುಂಭಾಗ ಒಂದು ಹಳೆಯ ಹಕ್ಕಿಯದ್ದು, ಬಾಲ ಮೈಕ್ರೊರಾಪ್ಟರ್ ಎಂಬ ಡೈನೋಸಾರ್‌ನದ್ದು. ಹಕ್ಕಿ ಡೈನೋಸಾರ್‌ನಿಂದ ಬಂದದ್ದೇ ಸುಳ್ಳು ಎಂದು ಹೇಳುವವರು ಈಗಲೂ ಇದನ್ನು ಎತ್ತುತ್ತಾರೆ. ಹಿಡಿದವರು ಯಾರು ಅನ್ನೋದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಸಿ.ಟಿ. ಸ್ಕ್ಯಾನ್ ಮಾಡಿದವರೂ, ಬಾಲದ ಜೋಡಿ ಚಪ್ಪಡಿ ಹುಡುಕಿ ತಂದ ಶು ಶಿಂಗ್ ಕೂಡ ಇದೇ ಕ್ಷೇತ್ರದವರೇ.

ಒಂದು ಗರಿ ಕೈಗೆತ್ತಿಕೊಳ್ಳಿ. ದಾರಿಯಲ್ಲಿ ಬಿದ್ದ ಪಾರಿವಾಳದ್ದೋ ಕಾಗೆಯದ್ದೋ ಸಾಕು, ರೆಕ್ಕೆಯ ಗರಿ ಆಗಿರಬೇಕು. ನಡುವೆ ದಂಟು ಇದೆ. ಅದರ ಎರಡೂ ಬದಿಯ ಅಗಲ ನೋಡಿ. ಒಂದು ಕಡೆ ಕಿರಿದು, ಇನ್ನೊಂದು ಕಡೆ ಅಗಲ. ಕಿರಿದಾದ ಬದಿ ಗಾಳಿಗೆ ಎದುರಾಗಿರುತ್ತದೆ. ಇನ್ನು ಅಗಲದ ಬದಿಯನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ, ಹಲ್ಲು ಕಿತ್ತ ಬಾಚಣಿಗೆ ಥರ ಸಂದು ಬೀಳುತ್ತದೆ. ಈಗ ಬುಡದಿಂದ ತುದಿಗೆ ಎರಡು ಬೆರಳ ನಡುವೆ ಮೆಲ್ಲಗೆ ಸವರಿ. ಸಂದು ಮುಚ್ಚಿಹೋಯಿತು! ಪ್ರತಿ ಎಳೆಯಿಂದ ಮರಿ ಎಳೆಗಳು ಹೊರಡುತ್ತವೆ. ಅವುಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಕೊಕ್ಕೆಗಳಿವೆ. ಪಕ್ಕದ ಎಳೆಯನ್ನು ಹಿಡಿದುಕೊಳ್ಳುತ್ತವೆ, ಝಿಪ್ ಇದ್ದಂತೆ. ಹಕ್ಕಿ ಕೊಕ್ಕಿನಿಂದ ಗರಿ ತೀಡುತ್ತ ಕೂರುವುದು ಹೆಚ್ಚಿನ ಹೊತ್ತು ಈ ಝಿಪ್ ಎಳೆಯೋಕೆ.

ಇಷ್ಟು ನಾಜೂಕಿನದು ಒಂದೇ ಏಟಿಗೆ ಬರಲಿಲ್ಲ. ಚರ್ಮದಲ್ಲಿ ಗರಿ ಬೆಳೆಯುವ ಕ್ರಮವನ್ನೇ ನೋಡಿ ಪಕ್ಷಿವಿಜ್ಞಾನಿ ರಿಚರ್ಡ್ ಪ್ರಮ್ 1999ರಲ್ಲಿ ಒಂದು ಮೆಟ್ಟಿಲ ಸಾಲು ಹೇಳಿದರು. ಮೊದಲು ಬರೀ ಟೊಳ್ಳು ನಳಿಕೆ. ಆಮೇಲೆ ಒಂದೇ ಬುಡದಿಂದ ಎಳೆಗಳ ಕುಚ್ಚು, ಕೋಳಿಮರಿಯ ತುಪ್ಪುಳದ ಥರ. ಆಮೇಲೆ ದಂಟು, ಮರಿ ಎಳೆ, ಕೊಕ್ಕೆ. ಕೊನೆಗೆ ಒಂದು ಬದಿ ಕಿರಿದಾದ, ಹಾರೋಕೆ ತಕ್ಕ ಗರಿ. ಹಾಗೆ ಹೇಳಿದ ಮೇಲೆ ಕಲ್ಲಿನಿಂದ ಹೊರಬಂದ ಡೈನೋಸಾರ್‌ಗಳ ಮೈಮೇಲೆ ಈ ಮೆಟ್ಟಿಲುಗಳು ಬೇರೆ ಬೇರೆ ಕಡೆ ಸಿಗುತ್ತಾ ಹೋದವು. ಸೈನೋಸಾರಾಪ್ಟೆರಿಕ್ಸ್‌ನಲ್ಲಿ ನೂಲಿನಂಥದ್ದು, ಕಾಡಿಪ್ಟೆರಿಕ್ಸ್‌ನಲ್ಲಿ ದಂಟಿದ್ದರೂ ಎರಡೂ ಬದಿ ಸಮ, ಮೈಕ್ರೊರಾಪ್ಟರ್‌ನಲ್ಲಿ ಒಂದು ಬದಿ ಕಿರಿದು. ಮ್ಯಾನ್ಮಾರ್‌ನ ಅಂಬರಿನೊಳಗೆ, ಅಂದರೆ ಗಟ್ಟಿಯಾದ ಹಳೆಯ ಮರದಂಟಿನೊಳಗೆ, ಸುಮಾರು 9.9 ಕೋಟಿ ವರ್ಷದ ಒಂದು ಪುಟಾಣಿ ಡೈನೋಸಾರ್ ಬಾಲದ ತುಂಡು ಗರಿ ಸಮೇತ ಸಿಕ್ಕಿದೆ. 2016ರಲ್ಲಿ ಅದರ ಚಿತ್ರ ಬಂದಾಗ ನಾನು ಎಷ್ಟೋ ಹೊತ್ತು ನೋಡುತ್ತ ಕುಳಿತಿದ್ದೆ. ಪಕ್ಕದಲ್ಲೇ ಒಂದು ಇರುವೆ ಬೇರೆ.

ಹಾಗಾದರೆ ಹಾರದ ಪ್ರಾಣಿಗೆ ಗರಿ ಯಾಕೆ? ಬೆಚ್ಚಗಿರೋಕೆ, ಮೊದಲ ಉತ್ತರ. ಚಿಕ್ಕ ಮೈ ಬೇಗ ತಣ್ಣಗಾಗುತ್ತದೆ. ತೋರಿಸಿಕೊಳ್ಳೋಕೆ, ಎರಡನೆಯದು. ಗರಿಯ ಬಣ್ಣದ ಕಣಗಳು ಕಲ್ಲಿನಲ್ಲೂ ಆಕಾರ ಉಳಿಸಿಕೊಂಡಿರುತ್ತವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 2010ರಲ್ಲಿ ಸೈನೋಸಾರಾಪ್ಟೆರಿಕ್ಸ್‌ನ ಬಾಲ ಕೆಂಗಂದು ಮತ್ತು ಬಿಳಿ ಪಟ್ಟೆಯದ್ದು ಎಂದು ಕಂಡುಹಿಡಿದರು. 2012ರಲ್ಲಿ ಮೈಕ್ರೊರಾಪ್ಟರ್ ಕಪ್ಪಗೆ ಮಿರಮಿರ ಮಿನುಗುತ್ತಿತ್ತು ಎಂದು ಗೊತ್ತಾಯಿತು. ಡೈನೋಸಾರ್ ಬಣ್ಣ ಯಾವತ್ತೂ ಗೊತ್ತಾಗಲ್ಲ ಎಂದು ನಾವು ಓದಿದ್ದ ಪುಸ್ತಕಗಳು ಹೇಳುತ್ತಿದ್ದವು!

ಮೂರನೆಯದು ಕಾವು. ಓವಿರಾಪ್ಟರ್ ಅಂದರೆ ಮೊಟ್ಟೆಗಳ್ಳ. 1923ರಲ್ಲಿ ಮೊಟ್ಟೆಗಳ ಪಕ್ಕ ಸಿಕ್ಕಿತ್ತು ಅಂತ ಆ ಹೆಸರಿಟ್ಟರು. ಎಪ್ಪತ್ತು ವರ್ಷ ಆದ ಮೇಲೆ ಅಂಥದ್ದೇ ಮೊಟ್ಟೆಯೊಳಗೆ ಮರಿ ಸಿಕ್ಕಿತು. ನೋಡಿದರೆ ಅದೇ ಕುಟುಂಬದ್ದು. ಆಮೇಲೆ ಮೊಟ್ಟೆಗಳ ಮೇಲೆ ಕುಳಿತು, ಎರಡೂ ಕೈ ಗೂಡಿನ ಸುತ್ತ ಹರಡಿಕೊಂಡೇ ಸತ್ತ ತಾಯಿಯೋ ತಂದೆಯೋ ಸಿಕ್ಕಿತು. ಕೋಳಿ ಕಾವಿಗೆ ಕೂರುವ ಭಂಗಿಯೇ. ಕೈಯಲ್ಲಿ ಉದ್ದ ಗರಿ ಇದ್ದರೆ ಗೂಡಿನ ಅಂಚಿನ ಮೊಟ್ಟೆಗಳಿಗೂ ಹೊದಿಕೆ ಸಿಗುತ್ತದೆ. ಕಳ್ಳನಲ್ಲ ಎಂದು ಗೊತ್ತಾದರೂ ಹೆಸರು ಬದಲಾಗಲಿಲ್ಲ. ಹೆಸರಿಡುವ ನಿಯಮ ಹಾಗಿದೆ, ಪಾಪ.

ನನಗೆ ತುಂಬ ಇಷ್ಟವಾದ ಪಳೆಯುಳಿಕೆ ಮೇ ಲಾಂಗ್. 2004ರಲ್ಲಿ ಹೆಸರಿಟ್ಟದ್ದು, ಅರ್ಥ 'ಮಲಗಿರುವ ಡ್ರ್ಯಾಗನ್'. ಬಾತುಕೋಳಿ ಗಾತ್ರ. ಕಾಲು ಮಡಚಿ, ಬಾಲ ಮೈಸುತ್ತ ಸುತ್ತಿಕೊಂಡು, ತಲೆಯನ್ನು ಕೈಯ ಸಂದಿಗೆ ಹುದುಗಿಸಿಕೊಂಡು ಮಲಗಿದೆ. ಹಕ್ಕಿ ರೆಕ್ಕೆಯೊಳಗೆ ತಲೆಯಿಟ್ಟು ಮಲಗುವುದನ್ನು ನೀವೂ ನೋಡಿರುತ್ತೀರಿ.

ಸರಿ, ಅರ್ಧ ರೆಕ್ಕೆ. ಮೊನ್ನೆಮೊನ್ನೆಯವರೆಗೆ ಇದರಲ್ಲಿ ಎರಡು ಪಕ್ಷ ಇದ್ದವು. ಮರದಿಂದ ಕೆಳಕ್ಕೆ ಜಾರುತ್ತ ಹಾರಾಟ ಬಂತು ಎನ್ನುವವರು, ನೆಲದಿಂದ ಓಡುತ್ತ ಮೇಲಕ್ಕೆ ಹೋಯಿತು ಎನ್ನುವವರು. ನೂರು ವರ್ಷಕ್ಕೂ ಹೆಚ್ಚು ಹಳೆಯ ಜಗಳ. 2003ರಲ್ಲಿ ಮೊಂಟಾನಾ ವಿಶ್ವವಿದ್ಯಾಲಯದ ಕೆನೆತ್ ಡಯಲ್ ಬದುಕಿರುವ ಹಕ್ಕಿಯನ್ನೇ ಕೇಳಿದರು. ಚುಕಾರ್ ಎಂಬ ಗೌಜಲ ಹಕ್ಕಿಯ ಮರಿಗಳನ್ನು ಸಾಕಿ, ಇಳಿಜಾರು ಹಲಗೆ ಹತ್ತಿಸಿದರು. ಹಾರೋಕೆ ಬಾರದ ಮರಿಗಳು ಗಿಡ್ಡ ರೆಕ್ಕೆಯನ್ನು ಪಟಪಟ ಬಡಿಯುತ್ತ ಓಡಿ ಹತ್ತಿದವು. ದೊಡ್ಡದಾದಂತೆ ಇನ್ನೂ ಕಡಿದಾದ ಹಲಗೆ. ಬೆಳೆದ ಹಕ್ಕಿ ನೆಟ್ಟಗೆ ನಿಂತ ಗೋಡೆಯನ್ನೇ ಓಡಿ ಹತ್ತಿತು. ಅಷ್ಟು ಚೆನ್ನಾಗಿ ಹಾರೋಕೆ ಬಂದರೂ ಓಡಿಯೇ ಹತ್ತುವುದೇ ಇಷ್ಟ ಅದಕ್ಕೆ.

ರೆಕ್ಕೆ ಅಲ್ಲಿ ಏನು ಮಾಡುತ್ತಿತ್ತು ಅನ್ನೋದೇ ಸ್ವಾರಸ್ಯ. ಮೈಯನ್ನು ಮೇಲಕ್ಕೆ ಎತ್ತುವುದರ ಜೊತೆಗೆ ಹಲಗೆಯ ಕಡೆಗೆ ಒತ್ತುತ್ತಿತ್ತು, ಪಾದ ಜಾರದಂತೆ. ಓಟದ ಕಾರಿನ ಹಿಂದೆ ಇರುವ ರೆಕ್ಕೆ ಟೈರನ್ನು ನೆಲಕ್ಕೆ ಒತ್ತುತ್ತದಲ್ಲ, ಹಾಗೆ. ಗರಿ ಕತ್ತರಿಸಿದ ಹಕ್ಕಿಗಳು ಅಷ್ಟು ಕಡಿದಾದ ಏರು ಹತ್ತಲಿಲ್ಲ. ಅಂದರೆ ಕಾಲುಭಾಗ ರೆಕ್ಕೆ ಇದ್ದರೆ ಒಂದಿಷ್ಟು ಏರು, ಅರ್ಧ ರೆಕ್ಕೆ ಇದ್ದರೆ ಇನ್ನೊಂದಿಷ್ಟು. ಹಿಂದೆ ಬೇಟೆಗಾರ ಬರುತ್ತಿರುವಾಗ ಆ ಒಂದಿಷ್ಟೇ ಪ್ರಾಣ ಉಳಿಸುತ್ತದೆ. ಇಳಿಯುವಾಗಲೂ ಅದೇ ಗಿಡ್ಡ ರೆಕ್ಕೆ ಬಡಿದರೆ ಧಡ್ ಎಂದು ಬೀಳುವುದು ತಪ್ಪುತ್ತದೆ. ಮಗಳಿಗೆ ಹೇಳಿ, ಅರ್ಧ ರೆಕ್ಕೆ ಇರುವ ಹಕ್ಕಿ ಇವತ್ತೂ ಇದೆ. ಪ್ರತಿ ಮರಿಯೂ ಒಂದಷ್ಟು ದಿನ ಹಾಗೇ ಇರುತ್ತದೆ.

ಹಾಗಂತ ಎಲ್ಲ ಡೈನೋಸಾರ್‌ಗಳೂ ಗೋಡೆ ಹತ್ತಿಯೇ ಹಕ್ಕಿಯಾದವು ಎಂದು ನಾನು ಹೇಳಲಾರೆ. ಮೈಕ್ರೊರಾಪ್ಟರ್‌ಗೆ ಕೈಯಲ್ಲೂ ಕಾಲಲ್ಲೂ ಉದ್ದ ಗರಿ, ಒಟ್ಟು ನಾಲ್ಕು ರೆಕ್ಕೆ. ಅದು ಮರದಿಂದ ಮರಕ್ಕೆ ತೇಲಿ ಹೋಗುತ್ತಿದ್ದ ಹಾಗೆ ಕಾಣುತ್ತದೆ. 2015ರಲ್ಲಿ ಹೆಸರಿಟ್ಟ ಯೀ ಛೀ ಎಂಬ ಡೈನೋಸಾರ್ ಇನ್ನೂ ವಿಚಿತ್ರ. ಮಣಿಕಟ್ಟಿನಿಂದ ಒಂದು ಉದ್ದ ಕಡ್ಡಿ ಹೊರಟು, ಬಾವಲಿಯಂತೆ ಚರ್ಮದ ರೆಕ್ಕೆ. ಆ ಪ್ರಯೋಗ ಮುಂದುವರಿಯಲಿಲ್ಲ. ಮರವೋ ನೆಲವೋ ಎಂಬ ಪ್ರಶ್ನೆಯೇ ಸ್ವಲ್ಪ ತಪ್ಪು ಅಂತ ನನಗನಿಸುತ್ತದೆ. ಚಿಕ್ಕ ಮೈ, ಗರಿಯ ಕೈ ಇದ್ದ ಹತ್ತಾರು ಪ್ರಾಣಿಗಳು ಗಾಳಿಯ ಜೊತೆ ಬೇರೆ ಬೇರೆ ರೀತಿ ಆಡುತ್ತಿದ್ದವು. ಅದರಲ್ಲಿ ಒಂದು ಗೆದ್ದಿತು.

ಗೆದ್ದದ್ದೂ ಒಮ್ಮೆಲೇ ಚೆನ್ನಾಗಿ ಹಾರಲಿಲ್ಲ. ಪಾರಿವಾಳದ ಎದೆಯೆಲುಬು ದೋಣಿಯ ತಳದಂತೆ ಮುಂದಕ್ಕೆ ಚಾಚಿರುತ್ತದೆ, ದೊಡ್ಡ ಸ್ನಾಯು ಹಿಡಿದುಕೊಳ್ಳೋಕೆ. ರೆಕ್ಕೆಯನ್ನು ಕೆಳಕ್ಕೆ ಬಡಿಯುವ ಸ್ನಾಯು ಎದೆಯಲ್ಲಿದೆ, ಸರಿ. ಮೇಲಕ್ಕೆ ಎತ್ತುವ ಸ್ನಾಯುವೂ ಬೆನ್ನಲ್ಲಿಲ್ಲ, ಎದೆಯಲ್ಲೇ ಇದೆ! ಅದರ ನರದಂಥ ಹಗ್ಗ ಭುಜದ ಒಂದು ತೂತಿನೊಳಗೆ ಹಾದು, ರಾಟೆಯ ಮೇಲಿನ ಹಗ್ಗದಂತೆ ತಿರುಗಿ, ರೆಕ್ಕೆಯನ್ನು ಮೇಲಿನಿಂದ ಎಳೆಯುತ್ತದೆ. ಭಾರವೆಲ್ಲ ಕೆಳಗಿದ್ದರೆ ಹಾರುವಾಗ ಮೈ ಮಗುಚುವುದಿಲ್ಲ. ಆರ್ಕಿಯಾಪ್ಟೆರಿಕ್ಸ್‌ಗೆ ಆ ದೋಣಿ ಎದೆಯೂ ಇರಲಿಲ್ಲ, ಈ ರಾಟೆಯೂ ಇರಲಿಲ್ಲ. 2018ರಲ್ಲಿ ಅದರ ಎಲುಬಿನ ಒಳರಚನೆಯನ್ನು ಎಕ್ಸ್-ರೇಯಿಂದ ನೋಡಿದವರು, ಅದು ಅಪಾಯ ಬಂದಾಗ ಬುರ್ರನೆ ಒಂದಷ್ಟು ದೂರ ಹಾರಿ ಇಳಿಯುವ ಹಕ್ಕಿಯಂತೆ ಇದ್ದಿರಬೇಕು ಎಂದರು. ಬಾಲ ಗಿಡ್ಡದಾಗಿದ್ದು, ಹಲ್ಲು ಹೋಗಿ ಕೊಕ್ಕು ಬಂದದ್ದು, ಹೆಬ್ಬೆರಳ ಮೇಲೆ ಪುಟ್ಟ ಗರಿಗೊಂಚಲು ಬಂದು ಮೆಲ್ಲಗೆ ಇಳಿಯೋಕೆ ಆದದ್ದು, ಇವೆಲ್ಲ ಮುಂದಿನ ಕೆಲವು ಕೋಟಿ ವರ್ಷಗಳ ಮಾತು.

ಉಸಿರಿನ ಬಗ್ಗೆ ಒಂದು ಮಾತು. ನಮ್ಮ ಶ್ವಾಸಕೋಶದಲ್ಲಿ ಗಾಳಿ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಹಕ್ಕಿಗಳಲ್ಲಿ ಗಾಳಿಚೀಲಗಳು ತಿದಿಯಂತೆ ಕೆಲಸ ಮಾಡಿ, ಶ್ವಾಸಕೋಶದಲ್ಲಿ ಗಾಳಿಯನ್ನು ಒಂದೇ ದಿಕ್ಕಿಗೆ ಹರಿಸುತ್ತವೆ. ಆ ಚೀಲಗಳು ಎಲುಬಿನೊಳಗೂ ನುಗ್ಗಿ ಟೊಳ್ಳು ಮಾಡುತ್ತವೆ. ಅಂಥದ್ದೇ ಟೊಳ್ಳುಗಳು ಹಾರದ ಥೆರೊಪಾಡ್‌ಗಳ ಬೆನ್ನೆಲುಬಿನಲ್ಲಿ ಬೇಕಾದಷ್ಟು ಸಿಕ್ಕಿವೆ. 2010ರಲ್ಲಿ ನೋಡಿದಾಗ ಮೊಸಳೆಯ ಶ್ವಾಸಕೋಶದಲ್ಲೂ ಗಾಳಿ ಒಂದೇ ದಿಕ್ಕಿಗೆ ಹರಿಯುವುದು ಕಂಡಿತು. ಈಗ ಬದುಕಿರುವುದರಲ್ಲಿ ಹಕ್ಕಿಗೆ ಅತಿ ಹತ್ತಿರದ ನೆಂಟ ಮೊಸಳೆಯೇ.

ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಡೈನೋಸಾರ್ ಎಲ್ಲ ಸಾಯಲಿಲ್ಲ. 6.6 ಕೋಟಿ ವರ್ಷಗಳ ಹಿಂದೆ ಈಗಿನ ಮೆಕ್ಸಿಕೋದ ಯುಕಟಾನ್‌ಗೆ ಸುಮಾರು ಹತ್ತು ಕಿಲೋಮೀಟರ್ ಅಗಲದ ಕಲ್ಲೊಂದು ಬಂದು ಅಪ್ಪಳಿಸಿತು. ಆಗ ಹಕ್ಕಿಗಳಲ್ಲೂ ಬಹುಪಾಲು ನಾಶವಾದವು. ಹಲ್ಲಿದ್ದ ಹಕ್ಕಿಗಳೆಲ್ಲ ಹೋದವು. ಕಾಡು ಸುಟ್ಟು ಕುಸಿದದ್ದರಿಂದ ಮರದ ಮೇಲೆ ಬದುಕುತ್ತಿದ್ದವೂ ಹೋದವು. ನೆಲದಲ್ಲಿ ಓಡಾಡುವ, ಕಾಳು ಕೆದಕಿ ತಿನ್ನಬಲ್ಲ, ಕೊಕ್ಕಿನ ಕೆಲವು ಉಳಿದವು. ಅದಕ್ಕೆ ಸ್ವಲ್ಪ ಮುಂಚಿನ, ಸುಮಾರು 6.67 ಕೋಟಿ ವರ್ಷ ಹಿಂದಿನ ಒಂದು ಹಕ್ಕಿಯ ತಲೆ ಬೆಲ್ಜಿಯಂನಲ್ಲಿ ಸಿಕ್ಕಿದೆ. ಮುಂದೆ ಕೋಳಿ, ಹಿಂದೆ ಬಾತು ಥರ ಇದೆ. ಉಳಿದವರ ಮಕ್ಕಳೇ ಇವತ್ತಿನ ಸುಮಾರು 11 ಸಾವಿರ ಜಾತಿಯ ಹಕ್ಕಿಗಳು. ಹಾಗಾಗಿ 'ಹಕ್ಕಿ ಡೈನೋಸಾರ್‌ನಿಂದ ಬಂತು' ಅನ್ನೋದಕ್ಕಿಂತ 'ಹಕ್ಕಿಯೂ ಒಂದು ಡೈನೋಸಾರ್' ಅನ್ನೋದು ಹೆಚ್ಚು ಸರಿ. ಬಾವಲಿಯೂ ಸಸ್ತನಿಯೇ ಅಂತ ಹೇಳುವ ಹಾಗೆ.

ಮಗಳ ಪುಸ್ತಕದಲ್ಲಿ ಇನ್ನೊಂದು ಗೊಂದಲ ಸಿಗಬಹುದು, ಮೊದಲೇ ಹೇಳಿಬಿಡುತ್ತೇನೆ. ಡೈನೋಸಾರ್‌ಗಳನ್ನು ಸೊಂಟದ ಎಲುಬು ನೋಡಿ 'ಹಕ್ಕಿ ಸೊಂಟದವು', 'ಹಲ್ಲಿ ಸೊಂಟದವು' ಎಂದು ಎರಡು ಮಾಡುತ್ತಾರೆ. ಹಕ್ಕಿಗಳು ಬಂದದ್ದು ಹಲ್ಲಿ ಸೊಂಟದ ಕಡೆಯಿಂದ! 1887ರಲ್ಲಿ ಹ್ಯಾರಿ ಸೀಲಿ ಈ ಭಾಗ ಮಾಡಿದಾಗ ಮುಂದೆ ಹೀಗಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ಥೆರೊಪಾಡ್‌ಗಳಲ್ಲಿ ಸೊಂಟದ ಒಂದು ಎಲುಬು ಮುಂದಕ್ಕೆ ಚಾಚಿರುತ್ತಿತ್ತು. ಹಕ್ಕಿಗಳಲ್ಲಿ ಅದು ನಿಧಾನವಾಗಿ ಹಿಂದಕ್ಕೆ ತಿರುಗಿತು. 2022ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಮೊಟ್ಟೆಯೊಳಗಿನ ಹಕ್ಕಿಮರಿಗಳ ಸೊಂಟವನ್ನು ದಿನದಿನವೂ ನೋಡಿತು. ಶುರುವಿನಲ್ಲಿ ಆ ಎಲುಬು ಹಳೆಯ ಡೈನೋಸಾರ್‌ಗಳಲ್ಲಿ ಇದ್ದಂತೆಯೇ ಇತ್ತು. ಆಮೇಲೆ ಮೊಟ್ಟೆಯೊಳಗೇ ಮೆಲ್ಲಗೆ ಹಿಂದಕ್ಕೆ ತಿರುಗಿತು. ಬಿಡಿಬಿಡಿಯಾಗಿ ಮೂಡುವ ಬೆರಳೂ ಬಾಲದ ಮೂಳೆಯೂ ಬೆಳೆಯುತ್ತಾ ಬೆಳೆಯುತ್ತಾ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೋಳಿಮೊಟ್ಟೆಯಲ್ಲಾದರೆ ಕಾವಿಗೆ ಇಟ್ಟ ಇಪ್ಪತ್ತೊಂದನೇ ದಿನ ಮರಿ ಚಿಪ್ಪು ಒಡೆದು ಹೊರಗೆ ಬರುತ್ತದೆ.